ಬೈಕ್ ಟೈರ್ ಪಂಚರ್ ಆದಾಗ: ರಿಪೇರಿ ಸಾಕಾ, ಹೊಸ ಟೈರೇ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಪಂಚರ್ ಆದ ತಕ್ಷಣ ಎಲ್ಲರೂ ನೋಡುವುದು ಮೊಳೆ ಎಷ್ಟು ದೊಡ್ಡದು ಅಂತ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ. ಮೊಳೆ ಟೈರಿನ ಯಾವ ಜಾಗಕ್ಕೆ ಚುಚ್ಚಿದೆ? ಗಾಳಿ ಹೋದ ಮೇಲೆ ಗಾಡಿಯನ್ನು ಎಷ್ಟು ದೂರ ಓಡಿಸಿದ್ದೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ತೀರ್ಮಾನ ಮುಕ್ಕಾಲು ಪಾಲು ಆದ ಹಾಗೆ. ಇಲ್ಲಿರುವ ಮಾತು ದಿನಾ ಆಫೀಸು, ಅಂಗಡಿ, ಹೊಲ ಅಂತ ಓಡಾಡುವ ಬೈಕು ಮತ್ತು ಸ್ಕೂಟರ್‌ಗಳ ಬಗ್ಗೆ.

ಎಂಥ ಪಂಚರನ್ನು ಧೈರ್ಯವಾಗಿ ರಿಪೇರಿ ಮಾಡಿಸಬಹುದು?

ಟೈರಿನ ನೆಲ ತಾಗುವ ಭಾಗದಲ್ಲಿ, ಅದೂ ನಡುಭಾಗದಲ್ಲಿ, ನೇರವಾಗಿ ಚುಚ್ಚಿದ ಸಣ್ಣ ತೂತು. 6 ಮಿಲಿಮೀಟರ್‌ವರೆಗಿನ ತೂತನ್ನು ರಿಪೇರಿ ಮಾಡಬಹುದು ಅಂತ ಟೈರ್ ಉದ್ಯಮದಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ನಮಗೆ ಸಿಗುವ ಮೊಳೆ, ಸ್ಕ್ರೂ, ತಂತಿ ಚೂರು ಹೆಚ್ಚಾಗಿ ಇದಕ್ಕಿಂತ ಸಣ್ಣವೇ. ಹಾಗಾಗಿ ಟೈರ್ ಚೆನ್ನಾಗಿದ್ದು, ಗಾಳಿ ಪೂರ್ತಿ ಹೋಗುವ ಮೊದಲೇ ನೀವು ನಿಲ್ಲಿಸಿದ್ದರೆ ಹೊಸ ಟೈರಿನ ಯೋಚನೆ ಬೇಡ.

ದುಂಡಗಿನ ತೂತು ಬೇರೆ, ಸೀಳು ಬೇರೆ. ಒಡೆದ ಬಾಟಲಿ ಗಾಜು, ಜಲ್ಲಿಯ ಚೂಪು ಅಂಚು, ತಗಡಿನ ಚೂರು ಇವೆಲ್ಲ ಟೈರನ್ನು ಕೊಯ್ಯುತ್ತವೆ. ಸೀಳು ಹೊರಗಿನಿಂದ ಚಿಕ್ಕದಾಗಿ ಕಂಡರೂ ಒಳಗಿನ ದಾರದ ಪದರ ಕತ್ತರಿಸಿ ಹೋಗಿರಬಹುದು. ಟೈರಿನ ಬಲ ಇರುವುದೇ ಆ ದಾರಗಳಲ್ಲಿ, ರಬ್ಬರಿನಲ್ಲಿ ಅಲ್ಲ. ಸೀಳಿದ ಜಾಗ ಗಾಳಿ ತುಂಬಿದಾಗ ಸ್ವಲ್ಪವಾದರೂ ಉಬ್ಬಿದರೆ ಆ ಟೈರನ್ನು ಬದಲಾಯಿಸಿ.

ಟೈರಿನ ಪಕ್ಕಕ್ಕೆ ಚುಚ್ಚಿದೆ. ಅಂಗಡಿಯವರು "ಆಗುತ್ತೆ ಸಾರ್, ಹಾಕಿಕೊಡ್ತೀನಿ" ಅಂತಾರೆ. ಹಾಕಿಸಲಾ?

ಬೇಡ. ಈ ಪುಟದಲ್ಲಿ ಇಷ್ಟು ಖಡಾಖಂಡಿತವಾಗಿ ಹೇಳುವ ಉತ್ತರ ಇದೊಂದೇ.

ಟೈರಿನ ಪಕ್ಕದ ಗೋಡೆ, ಅಂದರೆ ಹೆಸರು, ಸೈಜ್ ಎಲ್ಲ ಬರೆದಿರುವ ಭಾಗ, ನೆಲ ತಾಗುವ ಭಾಗಕ್ಕಿಂತ ತೆಳು. ಚಕ್ರ ಒಂದು ಸುತ್ತು ಬಂದಾಗಲೆಲ್ಲ ಅದು ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ಅಲ್ಲಿ ತುರುಕಿದ ಸ್ಟ್ರಿಪ್ ಆಗಲಿ, ಒಳಗೆ ಅಂಟಿಸಿದ ಪ್ಯಾಚ್ ಆಗಲಿ ಆ ಬಾಗುವಿಕೆಗೆ ಸಡಿಲವಾಗುತ್ತಾ ಹೋಗುತ್ತದೆ. ಬಿಟ್ಟುಕೊಂಡರೆ ಗಾಳಿ ನಿಧಾನವಾಗಿ ಹೋಗುತ್ತದೆ ಅನ್ನುವ ಖಾತರಿ ಇಲ್ಲ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಹಾಕಲು ಆಗುತ್ತದೆ, ನೀರು ಬಿಟ್ಟು ನೋಡಿದರೆ ಗುಳ್ಳೆಯೂ ಬರುವುದಿಲ್ಲ. ಆದರೆ ಇಬ್ಬರು ಕೂತು ಚಾರ್ಮಾಡಿ ಘಾಟಿ ಇಳಿಯುವಾಗಲೂ ಅದು ನಿಲ್ಲಬೇಕಲ್ವಾ?

ನೆಲ ತಾಗುವ ಭಾಗ ಮುಗಿದು ಪಕ್ಕದ ಗೋಡೆ ಶುರುವಾಗುವ ಅಂಚು ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಕಾರಿಗಿಂತ ಬೈಕಿಗೆ ಈ ಅಂಚು ಮುಖ್ಯ. ಬೈಕಿನ ಟೈರ್ ದುಂಡಗಿರುತ್ತದೆ, ತಿರುವಿನಲ್ಲಿ ಗಾಡಿ ವಾಲಿದಾಗ ಭಾರವೆಲ್ಲ ಬೀಳುವುದು ಆ ಅಂಚಿನ ಮೇಲೆಯೇ. ಮನೆಗೋ ಅಂಗಡಿಗೋ ತಲುಪುವುದಕ್ಕೆ ಅಂತ ಹಾಕಿಸಿಕೊಂಡು ನಿಧಾನವಾಗಿ ಹೋಗಬಹುದು, ಅಷ್ಟೇ.

ಸ್ಟ್ರಿಪ್ ಒಳ್ಳೆಯದಾ, ಮಶ್ರೂಮ್ ಪ್ಯಾಚಾ?

ಟ್ಯೂಬ್‌ಲೆಸ್ ಟೈರಿಗೆ ನಮ್ಮಲ್ಲಿ ನಡೆಯುವ ರಿಪೇರಿ ಮುಖ್ಯವಾಗಿ ಈ ಎರಡು.

ಸ್ಟ್ರಿಪ್ ಅಂದರೆ ಅಂಟು ಮೆತ್ತಿದ ಹುರಿ. ಚಕ್ರ ಬಿಚ್ಚುವ ಕೆಲಸವಿಲ್ಲ. ಮೊಳೆ ಕಿತ್ತು, ತೂತನ್ನು ಅರದಂಥ ಚೂಪು ಉಪಕರಣದಿಂದ ಉಜ್ಜಿ, ಸೂಜಿಯಲ್ಲಿ ಹುರಿ ಪೋಣಿಸಿ ಒಳಗೆ ತುರುಕಿ, ಸೂಜಿಯನ್ನು ಸಟ್ಟನೆ ಎಳೆದರೆ ಆಯಿತು. ಹತ್ತು ನಿಮಿಷದ ಕೆಲಸ. ಇದರ ದೋಷ ಏನೆಂದರೆ ಟೈರಿನ ಒಳಭಾಗವನ್ನು ಯಾರೂ ನೋಡುವುದಿಲ್ಲ. ಉಜ್ಜುವವರು ಅವಸರ ಮಾಡಿದರೆ ತೂತು ಇನ್ನೂ ದೊಡ್ಡದಾಗುತ್ತದೆ, ಸುತ್ತಲಿನ ದಾರಗಳೂ ಹರಿಯುತ್ತವೆ.

ಮಶ್ರೂಮ್ ಪ್ಯಾಚಿಗೆ ಟೈರನ್ನು ರಿಮ್ಮಿನಿಂದ ಬಿಚ್ಚಬೇಕು. ಅಣಬೆಯ ಹಾಗಿರುವ ರಬ್ಬರಿನ ದಂಟನ್ನು ಒಳಗಿನಿಂದ ತೂತಿಗೆ ಎಳೆದು, ಅದರ ಕೊಡೆಯನ್ನು ಒಳಗೋಡೆಗೆ ಅಂಟಿಸುತ್ತಾರೆ. ದಂಟು ತೂತನ್ನು ತುಂಬುತ್ತದೆ, ಕೊಡೆ ಗಾಳಿಯನ್ನು ತಡೆಯುತ್ತದೆ. ಹೊರಗಿನಿಂದ ನೀರು ನುಗ್ಗಿ ಒಳಗಿನ ಪದರ ಕೆಡುವುದೂ ಕಡಿಮೆ. ದುಡ್ಡು ಜಾಸ್ತಿ, ಸಮಯವೂ ಜಾಸ್ತಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ಊರೊಳಗೆ ಗಂಟೆಗೆ 40–50 ಕಿ.ಮೀ. ವೇಗದಲ್ಲಿ ಓಡಾಡುವ ಗಾಡಿಯ ಹಿಂದಿನ ಟೈರಿಗೆ ಚೆನ್ನಾಗಿ ಹಾಕಿದ ಒಂದು ಸ್ಟ್ರಿಪ್ ತಿಂಗಳುಗಟ್ಟಲೆ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಓಡಾಡುವವರಾದರೆ ಸ್ಟ್ರಿಪ್ಪನ್ನು ತಾತ್ಕಾಲಿಕ ಅಂತಲೇ ಇಟ್ಟುಕೊಳ್ಳಿ. ಪುರುಸೊತ್ತು ಸಿಕ್ಕಾಗ ಬಿಚ್ಚಿಸಿ ಮಶ್ರೂಮ್ ಹಾಕಿಸಿ. ಮುಂದಿನ ಚಕ್ರಕ್ಕಂತೂ ನಾನು ಮಶ್ರೂಮನ್ನೇ ಹೇಳುವುದು.

ಗಾಳಿ ಇಲ್ಲದ ಟೈರಿನಲ್ಲೇ ಅಂಗಡಿವರೆಗೆ ಓಡಿಸಿಕೊಂಡು ಬಂದೆ. ತೊಂದರೆ ಏನು?

ಮೊಳೆ ಮಾಡಿದ ತೂತಿಗಿಂತ ದೊಡ್ಡ ತೊಂದರೆ ಇದೇ. ಗಾಳಿ ಇಲ್ಲದಾಗ ಪಕ್ಕದ ಗೋಡೆ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಮಡಚಿಕೊಳ್ಳುತ್ತದೆ. ಉಜ್ಜಿ ಉಜ್ಜಿ ಬಿಸಿಯಾಗುತ್ತದೆ, ಒಳಗಿನ ರಬ್ಬರ್ ಸುಲಿಯುತ್ತದೆ, ದಾರಗಳು ಸೋಲುತ್ತವೆ. ಹೊರಗೆ ಏನೂ ಕಾಣದೆ ಇರಬಹುದು.

ಟೈರ್ ಬಿಚ್ಚಿಸಿ ಒಳಗೆ ಕೈಯಾಡಿಸಿ ನೋಡಿ. ಕಪ್ಪು ರಬ್ಬರ್ ಪುಡಿ ಉದುರಿದ್ದರೆ, ಪಕ್ಕದಲ್ಲಿ ಸುತ್ತಲೂ ಗೆರೆ ಬಿದ್ದಿದ್ದರೆ, ದಾರ ಕಾಣುತ್ತಿದ್ದರೆ, ಎಲ್ಲಾದರೂ ಮೆತ್ತಗಾಗಿದ್ದರೆ ಆ ಟೈರ್ ಮುಗಿಯಿತು. ತೂತು ಎಷ್ಟೇ ಸಣ್ಣದಿರಲಿ, ಟೈರ್ ಎಷ್ಟೇ ಹೊಸದಿರಲಿ. ಜನ ದುಡ್ಡು ಉಳಿಸಲು ಹೋಗಿ ಎಡವುವುದು ಇಲ್ಲೇ. "ಹೋದ ತಿಂಗಳು ಹಾಕಿಸಿದ್ದು, ಇನ್ನೂ ಗ್ರಿಪ್ ಹಾಗೇ ಇದೆ" ಅಂತ ಮತ್ತೆ ಗಾಳಿ ತುಂಬಿಸಿ ಹೊರಡುತ್ತಾರೆ. ಗ್ರಿಪ್ ಇರುವುದು ಹೊರಗೆ, ಕೆಟ್ಟಿರುವುದು ಒಳಗೆ.

ಹಾಗಾದರೆ ಏನು ಮಾಡಬೇಕು? ಅಂಗಡಿ ಹತ್ತಿರವಿದ್ದರೆ ತಳ್ಳಿಕೊಂಡು ಹೋಗಿ. ತಳ್ಳಲು ಆಗದಷ್ಟು ಭಾರದ ಗಾಡಿಯಾದರೆ ಪಂಚರ್ ಹಾಕುವವರನ್ನೇ ಫೋನ್ ಮಾಡಿ ಕರೆಸಿ. ಅದರ ಖರ್ಚು ಟೈರಿನ ಬೆಲೆಗಿಂತ ಕಡಿಮೆ.

ನನ್ನದು ಟ್ಯೂಬ್ ಇರುವ ಟೈರ್. ಇದಕ್ಕೂ ಇದೇ ನಿಯಮವಾ?

ಅರ್ಧ ಇದೇ, ಅರ್ಧ ಬೇರೆ. ಇಲ್ಲಿ ಗಾಳಿ ಹಿಡಿಯುವುದು ಟ್ಯೂಬ್. ಟೈರಿನಲ್ಲಿ ಒಂದು ಸಣ್ಣ ಮೊಳೆ ತೂತು ಹಾಗೇ ಉಳಿದರೂ ನಡೆಯುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿಸಿದರೆ ಆಯಿತು. ಬಿಸಿ ಪ್ಯಾಚ್ ಚೆನ್ನಾಗಿ ಹಿಡಿಯುತ್ತದೆ. ಸಲ್ಯೂಷನ್ ಹಚ್ಚಿ ಅಂಟಿಸುವ ತಣ್ಣನೆ ಪ್ಯಾಚ್ ಕೂಡ ಸರಿಯೇ, ಆದರೆ ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಒಣಗುವವರೆಗೆ ಕಾದು ಅಂಟಿಸಿರಬೇಕು.

ಟ್ಯೂಬನ್ನೇ ಬದಲಿಸಬೇಕಾದ ಸಂದರ್ಭಗಳೂ ಇವೆ. ವಾಲ್ವ್ ಬುಡದಲ್ಲಿ ಹರಿದಿದ್ದರೆ ಪ್ಯಾಚ್ ಕೂರುವುದಿಲ್ಲ. ಗಾಳಿ ಇಲ್ಲದೆ ಓಡಿಸಿದಾಗ ಟೈರ್ ರಿಮ್ಮಿನ ಮೇಲೆ ಜಾರುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ, ವಾಲ್ವ್ ಬುಡ ಕಿತ್ತುಬರುತ್ತದೆ. ವಾಲ್ವ್ ನೆಟ್ಟಗೆ ನಿಲ್ಲದೆ ಓರೆಯಾಗಿದೆ ಅಂದರೆ ಅದೇ ಸೂಚನೆ. ಉದ್ದಕ್ಕೆ ಸೀಳಿದ್ದರೆ, ಪ್ಯಾಚ್ ಮೇಲೆ ಪ್ಯಾಚ್ ಬಿದ್ದಿದ್ದರೆ ಕೂಡ ಹೊಸದೇ ಹಾಕಿಸಿ. ಟ್ಯೂಬಿನ ಬೆಲೆ ಟೈರಿನ ಬೆಲೆಯ ಸಣ್ಣ ಪಾಲು. ಅಲ್ಲಿ ಜಿಪುಣತನ ಬೇಡ.

ಟ್ಯೂಬಿನ ತೂತು ಯಾವ ಕಡೆ ಇದೆ ಅಂತ ಅಂಗಡಿಯಲ್ಲಿ ಕೇಳಿ. ನೆಲದ ಕಡೆ ಇದ್ದರೆ ಹೊರಗಿನಿಂದ ಏನೋ ಚುಚ್ಚಿದೆ. ರಿಮ್ಮಿನ ಕಡೆ ಇದ್ದರೆ ಕಡ್ಡಿ ಚಕ್ರದ ಸ್ಪೋಕ್ ತುದಿ ಒಳಗಿನಿಂದ ಚುಚ್ಚುತ್ತಿದೆ, ಅಥವಾ ರಿಮ್ಮಿನ ಮೇಲಿನ ರಬ್ಬರ್ ಪಟ್ಟಿ ಸರಿದಿದೆ. ಅದನ್ನು ಸರಿಮಾಡದೆ ಎಷ್ಟು ಟ್ಯೂಬ್ ಹಾಕಿದರೂ ಅಷ್ಟೇ.

ಬಯಲುಸೀಮೆಯವರಿಗೆ ಇನ್ನೊಂದು ಮಾತು. ಬಳ್ಳಾರಿ ಜಾಲಿ ಮುಳ್ಳು ಟೈರಿಗೆ ಹೊಕ್ಕು ಒಳಗೇ ಮುರಿಯುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟ್ಯೂಬಿಗೆ ಪ್ಯಾಚ್ ಹಾಕಿ ಮನೆಗೆ ಬರುವಷ್ಟರಲ್ಲಿ ಅದೇ ಮುಳ್ಳು ಮತ್ತೆ ಚುಚ್ಚಿರುತ್ತದೆ. ಟೈರಿನ ಒಳಗೆ ಬಟ್ಟೆ ಆಡಿಸಿ ನೋಡಿದರೆ ಮುಳ್ಳು ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಚುಚ್ಚುವುದಿಲ್ಲ. ಎತ್ತಿನ ಗಾಡಿ ಓಡಾಡುವ ದಾರಿಯಲ್ಲಿ ಉದುರುವ ಲಾಳದ ಮೊಳೆ ಇನ್ನೊಂದು ಕಾಟ. ಅದರ ತಲೆಯಾದರೂ ಹೊರಗೆ ಕಾಣುತ್ತದೆ.

ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ಹಾಕಿಬಿಟ್ಟರೆ?

ಹಳ್ಳಿ, ಪಟ್ಟಣಗಳಲ್ಲಿ ಇದು ಧಾರಾಳವಾಗಿ ನಡೆಯುತ್ತದೆ. ರಿಮ್ ಸೊಟ್ಟಗಾಗಿ ಅಂಚಿನಲ್ಲಿ ಗಾಳಿ ಸೋರುತ್ತಿದ್ದಾಗ, ತೂತು ಮುಚ್ಚಲು ಬೇರೆ ದಾರಿ ಇಲ್ಲದಾಗ ಊರು ಸೇರಿಕೊಳ್ಳಲು ಪರವಾಗಿಲ್ಲ. ಆದರೆ ಹಾಗೇ ವರ್ಷಗಟ್ಟಲೆ ಓಡಿಸಬೇಡಿ. ಟ್ಯೂಬ್‌ಲೆಸ್ ಟೈರಿನ ಒಳಮೈ ಟ್ಯೂಬಿಗಾಗಿ ಮಾಡಿದ್ದಲ್ಲ. ಟ್ಯೂಬ್ ಅದಕ್ಕೆ ಉಜ್ಜುತ್ತದೆ, ಬಿಸಿಯಾಗುತ್ತದೆ. ಟ್ಯೂಬ್‌ಲೆಸ್‌ನ ದೊಡ್ಡ ಲಾಭವೂ ಹೋಯಿತು. ಮೊಳೆ ಚುಚ್ಚಿದರೂ ಟ್ಯೂಬ್‌ಲೆಸ್ ಟೈರ್ ಮೊಳೆಯನ್ನು ಹಿಡಿದುಕೊಂಡು ಗಾಳಿಯನ್ನು ನಿಧಾನವಾಗಿ ಬಿಡುತ್ತದೆ. ಟ್ಯೂಬ್ ಹಾಗಲ್ಲ, ಹರಿದರೆ ಕ್ಷಣದಲ್ಲಿ ಖಾಲಿ.

ಪಕ್ಕದ ಗೋಡೆ ಸೀಳಿದ ಟೈರಿಗೆ ಒಳಗೆ ಹಳೆ ಟೈರಿನ ತುಂಡಿಟ್ಟು ಟ್ಯೂಬ್ ಹಾಕಿ ಓಡಿಸುವವರೂ ಇದ್ದಾರೆ. ದಯವಿಟ್ಟು ಬೇಡ.

ಒಂದೇ ಟೈರಿಗೆ ಎಷ್ಟು ಪಂಚರ್‌ವರೆಗೆ ಹಾಕಿಸಬಹುದು?

ಎಣಿಕೆಗಿಂತ ಅಂತರ ಮುಖ್ಯ. ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿ ಎರಡು ತೂತು ಬಿದ್ದರೆ ನಡುವಿನ ರಬ್ಬರಿಗೂ ದಾರಕ್ಕೂ ಬಲ ಇರುವುದಿಲ್ಲ. ಹಳೆ ಸ್ಟ್ರಿಪ್ ಪಕ್ಕದಲ್ಲೇ ಸೋರುತ್ತಿದೆ ಅಂತ ಅದೇ ತೂತಿಗೆ ಎರಡನೆಯದು, ಮೂರನೆಯದು ತುರುಕುವುದು ಕೆಟ್ಟ ಅಭ್ಯಾಸ. ದೂರ ದೂರದಲ್ಲಿ ಎರಡು ಮೂರು ಸರಿಯಾದ ರಿಪೇರಿ ಇದ್ದು, ಟೈರ್ ಹೊಸದಾಗಿದ್ದರೆ ಓಡಿಸಬಹುದು. ಅದಕ್ಕೂ ಮೀರಿದರೆ ಟೈರ್ ಸವೆದು ತೆಳುವಾಗಿದೆಯಾ ನೋಡಿ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ.

ಟೈರ್ ಸವೆದಿದೆ ಅಂತ ಗೊತ್ತಾಗುವುದು ಹೇಗೆ?

ಟೈರಿನ ಪಕ್ಕದಲ್ಲಿ ಟಿಡಬ್ಲ್ಯುಐ ಅಂತಲೋ ಪುಟ್ಟ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಮೇಲೆ ಹೋದರೆ ಗ್ರಿಪ್ಪಿನ ತೋಡಿನೊಳಗೆ ಒಂದು ಸಣ್ಣ ದಿಬ್ಬ ಕಾಣುತ್ತದೆ. ಟೈರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಆಯುಸ್ಸು ಮುಗಿದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಗ್ರಿಪ್ ಆಳ 0.8 ಮಿ.ಮೀ.ಗಿಂತ ಕಡಿಮೆ ಇರಬಾರದು. ಕಾರುಗಳಿಗೆ ಇದು 1.6 ಮಿ.ಮೀ. 0.8 ಕಾನೂನಿನ ಕೊನೆಯ ಗೆರೆ. ಮಲೆನಾಡಿನ ಮಳೆಯಲ್ಲಿ ಓಡಿಸುವವರು ಅಲ್ಲಿವರೆಗೆ ಕಾಯಬೇಡಿ.

ವಯಸ್ಸನ್ನೂ ನೋಡಿ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಬಿಸಿಲಲ್ಲಿ ನಿಂತ ಟೈರಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಕಾಣತೊಡಗುತ್ತದೆ. ಗ್ರಿಪ್ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಅಂಥ ಟೈರಿಗೆ ಪಂಚರ್ ಆದರೆ ಅದನ್ನೇ ನೆಪ ಮಾಡಿಕೊಂಡು ಹೊಸದು ಹಾಕಿಸಿ. ಸವೆದ ಟೈರಿಗೆ ಮಶ್ರೂಮ್ ಹಾಕಿಸುವುದು ದುಡ್ಡು ದಂಡ.

ಸೀಲೆಂಟ್ ಹಾಕಿಸಿದರೆ ಪಂಚರ್ ಕಾಟವೇ ಇರಲ್ಲ ಅಂತಾರೆ. ನಿಜವಾ?

ಸೀಲೆಂಟ್ ಅಂದರೆ ಟೈರಿನೊಳಗೆ ಮೊದಲೇ ತುಂಬಿಸಿಡುವ ಅಂಟು ದ್ರವ. ಸಣ್ಣ ಮೊಳೆ, ಮುಳ್ಳಿನ ತೂತಿಗೆ ಕೆಲಸ ಮಾಡುತ್ತದೆ. ತೂತಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಸೀಳಿಗೆ, ಪಕ್ಕದ ಗೋಡೆಗೆ ಪ್ರಯೋಜನವಿಲ್ಲ. ಕಾಲ ಕಳೆದಂತೆ ಒಣಗುತ್ತದೆ. ಮುಂದೆ ಮಶ್ರೂಮ್ ಹಾಕಿಸಬೇಕಾದರೆ ಒಳಗಿನ ಅಂಟು ತೊಳೆಯದೆ ಪ್ಯಾಚ್ ಕೂರುವುದಿಲ್ಲ, ಅಂಗಡಿಯವರು ಗೊಣಗುತ್ತಾರೆ. ಇನ್ನೊಂದು ಅಪಾಯ: ಮೊಳೆ ಚುಚ್ಚಿದ್ದೇ ನಿಮಗೆ ಗೊತ್ತಾಗುವುದಿಲ್ಲ. ಸೀಲೆಂಟ್ ಇದ್ದರೂ ಆಗಾಗ ಟೈರ್ ಸುತ್ತಿಸಿ ನೋಡುತ್ತಿರಿ.

ಟೈರಿನಲ್ಲಿ ಮೊಳೆ ಕಾಣುತ್ತಿದೆ, ಗಾಳಿ ಹೋಗಿಲ್ಲ. ಕೀಳಲಾ?

ದಾರಿ ಮಧ್ಯೆ ಕೀಳಬೇಡಿ. ಟ್ಯೂಬ್‌ಲೆಸ್ ಆಗಿದ್ದರೆ ಆ ಮೊಳೆಯೇ ಸದ್ಯಕ್ಕೆ ಬಿರಡೆ. ಗಾಳಿ ನೋಡಿಕೊಂಡು ನಿಧಾನವಾಗಿ ಹತ್ತಿರದ ಅಂಗಡಿಗೆ ಹೋಗಿ. ಕೆಲವೊಮ್ಮೆ ಅದು ಬರೀ ಗ್ರಿಪ್ಪಿಗೆ ಚುಚ್ಚಿದ ಗಿಡ್ಡ ಮೊಳೆ ಆಗಿರುತ್ತದೆ, ಕಿತ್ತರೆ ಗಾಳಿ ಹೋಗುವುದೇ ಇಲ್ಲ. ಎಂಜಲು ಅಥವಾ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಟ್ಯೂಬ್ ಟೈರಾದರೆ ಓಡಿಸಲೇಬೇಡಿ.

ಓಡುತ್ತಿರುವಾಗಲೇ ಗಾಳಿ ಹೋದರೆ ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ. ಹಿಂದಿನದು ಹೋದರೆ ಗಾಡಿ ಸೊಂಟ ಅಲ್ಲಾಡಿಸುತ್ತದೆ, ಮುಂದಿನದು ಹೋದರೆ ಹ್ಯಾಂಡಲ್ ಭಾರವಾಗುತ್ತದೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಗಾಳಿ ಇರುವ ಚಕ್ರದ ಬ್ರೇಕನ್ನು ಮೆಲ್ಲಗೆ ಹಿಡಿದು ಪಕ್ಕಕ್ಕೆ ಬನ್ನಿ.

ಯಾವಾಗಲೂ ಹಿಂದಿನ ಟೈರೇ ಯಾಕೆ ಪಂಚರ್ ಆಗುತ್ತದೆ?

ರಸ್ತೆಯಲ್ಲಿ ಮಲಗಿರುವ ಮೊಳೆಯನ್ನು ಮುಂದಿನ ಚಕ್ರ ಎಬ್ಬಿಸುತ್ತದೆ, ಎದ್ದು ನಿಂತ ಮೊಳೆಯ ಮೇಲೆ ಹಿಂದಿನ ಚಕ್ರ ಹತ್ತುತ್ತದೆ. ಭಾರವೂ ಹಿಂದೆಯೇ ಜಾಸ್ತಿ. ಇಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಕ್ಕಾದ್ದರಿಂದ ಸವೆಯುವುದೂ ಅದೇ ಬೇಗ, ತೆಳುವಾದ ರಬ್ಬರಿಗೆ ಮೊಳೆ ಸುಲಭವಾಗಿ ಇಳಿಯುತ್ತದೆ. ಮುಂದಿನ ಟೈರಿಗೆ ಪಂಚರ್ ಅಪರೂಪ. ಆದರೆ ಹ್ಯಾಂಡಲ್, ಬ್ರೇಕ್ ಎರಡೂ ಅದನ್ನೇ ನಂಬಿರುವುದರಿಂದ ಅನುಮಾನ ಬಂದರೆ ಮುಂದಿನದನ್ನು ಬದಲಿಸುವ ಕಡೆಗೇ ವಾಲಿ.

ಒಂದು ಮೊಳೆಗೆ ಹೋದರೆ ಅಂಗಡಿಯಲ್ಲಿ ನಾಲ್ಕು ತೂತು ತೋರಿಸಿದರು. ಮೋಸ ಇರಬಹುದಾ?

ಇರಬಹುದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬೇಕಂತಲೇ ಮೊಳೆ ಚೆಲ್ಲುವ ದಂಧೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು, ಆಯಸ್ಕಾಂತ ಹಿಡಿದು ಮೊಳೆ ಆರಿಸುವ ನಾಗರಿಕರೂ ಸುದ್ದಿಯಾದರು. ಅಂಗಡಿಯವರೆಲ್ಲ ಹಾಗೆ ಅಂತ ಅಲ್ಲ, ಬಿಸಿಲಲ್ಲಿ ಕೂತು ನಿಯತ್ತಾಗಿ ದುಡಿಯುವವರೇ ಹೆಚ್ಚು. ಆದರೂ ಪಕ್ಕದಲ್ಲೇ ನಿಲ್ಲಿ, ಫೋನ್ ನೋಡುತ್ತಾ ಕೂರಬೇಡಿ. ನೀರಿನಲ್ಲಿ ಗುಳ್ಳೆ ಬರುವ ಒಂದೊಂದು ಜಾಗವನ್ನೂ ಕಣ್ಣಾರೆ ನೋಡಿ, ಚಾಕ್‌ಪೀಸಿನಲ್ಲಿ ಗುರುತು ಮಾಡಿಸಿ. ಎಲ್ಲ ತೂತು ತೋರಿಸಿದ ಮೇಲೆಯೇ ಕೆಲಸ ಶುರುವಾಗಲಿ. ಕಿತ್ತ ಮೊಳೆ ಕೇಳಿ ಇಸಿದುಕೊಳ್ಳಿ. ಎಷ್ಟು ಆಳಕ್ಕೆ ಹೋಗಿತ್ತು ಅನ್ನುವುದು ಅದರ ಉದ್ದದಲ್ಲೇ ಗೊತ್ತಾಗುತ್ತದೆ.

ರಿಪೇರಿ ಆದ ಮೇಲೆ ಏನು ನೋಡಿಕೊಳ್ಳಬೇಕು?

ಮಾರನೇ ದಿನ ಬೆಳಿಗ್ಗೆ, ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಎಷ್ಟಿರಬೇಕು ಅಂತ ಚೈನ್ ಕವರ್ ಅಥವಾ ಹಿಂದಿನ ಮಡ್‌ಗಾರ್ಡಿನ ಆಸುಪಾಸು ಅಂಟಿಸಿರುವ ಚೀಟಿಯಲ್ಲಿ ಬರೆದಿರುತ್ತದೆ. ಹಿಂದೆ ಒಬ್ಬರು ಕೂತರೆ ಬೇರೆ ಲೆಕ್ಕ. ಒಂದೆರಡು ವಾರದಲ್ಲಿ ಮತ್ತೆ ನೋಡಿ. ಪದೇ ಪದೇ ಇಳಿಯುತ್ತಿದ್ದರೆ ಸ್ಟ್ರಿಪ್ ಸೋರುತ್ತಿದೆ, ಇಲ್ಲವೇ ವಾಲ್ವ್ ಪಿನ್ ಸಡಿಲವಾಗಿದೆ. ಪಿನ್ ಬದಲಿಸುವುದು ಪುಡಿಗಾಸಿನ ಕೆಲಸ, ಮೊದಲು ಅದನ್ನು ನೋಡಿಸಿ. ರಿಪೇರಿಯಾದ ಟೈರಿನಲ್ಲಿ ಟಾಪ್ ಸ್ಪೀಡ್ ಪರೀಕ್ಷೆ ಬೇಡ.

ಹೊಸ ಟೈರ್ ಹಾಕಿಸುವಾಗ ಏನು ಕೇಳಬೇಕು?

ಹಳೆ ಟೈರಿನ ಮೇಲಿರುವ ಅಂಕಿಯನ್ನೇ ಕೇಳಿ. 100/90-17 55ಪಿ ಅಂತ ಇದ್ದರೆ ಅಗಲ 100 ಮಿ.ಮೀ., ಎತ್ತರ ಅದರ ಶೇ. 90, ರಿಮ್ 17 ಇಂಚು. 55 ಅಂದರೆ 218 ಕೆ.ಜಿ. ಭಾರ ತಡೆಯುತ್ತದೆ, ಪಿ ಅಂದರೆ ಗಂಟೆಗೆ 150 ಕಿ.ಮೀ. ವೇಗದವರೆಗೆ. ಭಾರ, ವೇಗ ಎರಡೂ ಹಳೆಯದಕ್ಕಿಂತ ಕಡಿಮೆ ಇರಬಾರದು. ಸ್ಕೂಟರ್‌ನವರು ಹುಷಾರು: ಆಕ್ಟಿವಾ 6ಜಿಯಂಥ ಗಾಡಿಗಳಲ್ಲಿ ಮುಂದೆ 12 ಇಂಚು, ಹಿಂದೆ 10 ಇಂಚು. ಶೋಕಿಗೆ ದಪ್ಪ ಟೈರ್ ಹಾಕಿಸಿದರೆ ಮೈಲೇಜ್ ಇಳಿಯುತ್ತದೆ, ಗಾಡಿ ತಿರುಗಿಸುವುದು ಭಾರವಾಗುತ್ತದೆ.

ತಯಾರಾದ ವಾರ ನೋಡಿ. ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯಾ ನೋಡಿ, ಅವಸರದಲ್ಲಿ ಉಲ್ಟಾ ಹಾಕುವುದು ಅಪರೂಪವೇನಲ್ಲ. ಟ್ಯೂಬ್‌ಲೆಸ್ ಆಗಿದ್ದರೆ ಹೊಸ ವಾಲ್ವನ್ನೂ ಹಾಕಿಸಿ. ಟ್ಯೂಬ್ ಟೈರಾದರೆ ಹಳೆ ಟ್ಯೂಬನ್ನೇ ಮತ್ತೆ ತುರುಕಲು ಬಿಡಬೇಡಿ. ಹೊಸ ಟೈರ್ ಮೊದಮೊದಲು ಜಾರುತ್ತದೆ. ನೂರು ಕಿಲೋಮೀಟರ್ ದಾಟುವವರೆಗೆ ತಿರುವಿನಲ್ಲಿ ಜಾಸ್ತಿ ವಾಲಿಸಬೇಡಿ. ಬೆಲೆಯ ವಿಷಯದಲ್ಲಿ ಒಂದು ಸಮಾಧಾನ: 2025ರ ಸೆಪ್ಟೆಂಬರ್ 22ರಿಂದ ಟೈರಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ನೋಡಿಕೊಳ್ಳಿ.

ಇನ್ಶೂರೆನ್ಸ್ ಅಥವಾ ವಾರಂಟಿಯಲ್ಲಿ ದುಡ್ಡು ಬರುತ್ತದಾ?

ಬರೀ ಪಂಚರ್‌ಗೆ ಬರುವುದಿಲ್ಲ. ಕಂಪನಿ ವಾರಂಟಿ ಇರುವುದು ತಯಾರಿಕೆಯ ದೋಷಕ್ಕೆ. ಫುಲ್ ಇನ್ಶೂರೆನ್ಸ್‌ನಲ್ಲೂ ಟೈರ್, ಟ್ಯೂಬಿಗೆ ಸಾಮಾನ್ಯವಾಗಿ ಹಣ ಸಿಗುವುದು ಅಪಘಾತದಲ್ಲಿ ಗಾಡಿಗೂ ಪೆಟ್ಟಾಗಿದ್ದರೆ ಮಾತ್ರ, ಅದೂ ಅರ್ಧ ಬೆಲೆ. ರಸ್ತೆ ನೆರವಿನ ಸೌಲಭ್ಯ ಸೇರಿಸಿಕೊಂಡಿದ್ದರೆ ಪಂಚರ್ ಹಾಕಲು ಜನ ಬರುತ್ತಾರೆ, ಪಾಲಿಸಿ ತೆಗೆದು ನೋಡಿ.

ಬಿಚ್ಚಿದ ಹಳೆ ಟೈರನ್ನು ಏನು ಮಾಡಲಿ?

ಅಂಗಡಿಯಲ್ಲೇ ಬಿಟ್ಟು ಬನ್ನಿ, ಇಲ್ಲವೇ ಗುಜರಿಗೆ ಹಾಕಿ. ಪಕ್ಕದ ಗೋಡೆ ಸೀಳಿದ್ದರೆ ಅಥವಾ ಒಳಗೆ ದಾರ ಹರಿದಿದ್ದರೆ ಕತ್ತರಿಸಿಯೇ ಕೊಡಿ, ಇಲ್ಲದಿದ್ದರೆ ಪಾಲಿಶ್ ಮಾಡಿ ಇನ್ನೊಬ್ಬರ ಗಾಡಿಗೆ ಹಾಕಿಬಿಡುತ್ತಾರೆ. ಸುಡಬೇಡಿ, ಆ ಹೊಗೆ ಕೆಟ್ಟದ್ದು. ಮನೆ ಹಿತ್ತಲಲ್ಲೋ ತಾರಸಿಯಲ್ಲೋ ಸುಮ್ನೆ ಬಿಸಾಡಿದರೆ ಮಳೆನೀರು ನಿಂತು ಡೆಂಗಿ ಸೊಳ್ಳೆ ಮರಿ ಮಾಡುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮವನ್ನೂ ತಂದಿದೆ. ಉಯ್ಯಾಲೆ ಕಟ್ಟುವುದಾದರೆ ಕೆಳಭಾಗದಲ್ಲಿ ನೀರು ಇಳಿಯಲು ಎರಡು ತೂತು ಕೊರೆಯಿರಿ.